"ಹಳೇ ಗಾಡಿ ತಾನೇ" ಅಂದವರಿಗೆ ಒಂದು ಬಹಿರಂಗ ಪತ್ರ

ಗಾಡಿ ತಯಾರಿಸುವವರಿಗೆ, ಗಾಡಿಗೆ ವಿಮೆ ಮಾಡುವವರಿಗೆ, ದೂರು ಬರೆದುಕೊಳ್ಳುವವರಿಗೆ, ಗುಜರಿ ಕೊಳ್ಳುವವರಿಗೆ, ಹಾಗೇ ನನ್ನಂತೆ ಹಳೇ ಗಾಡಿ ಇಟ್ಟುಕೊಂಡು ಓಡಾಡುವವರಿಗೆ,

ನಮಸ್ಕಾರ.

ಹೋದ ತಿಂಗಳು ಒಂದು ಬೆಳಿಗ್ಗೆ ಹೊರಗೆ ಬಂದು ನೋಡಿದರೆ ನನ್ನ ಕಾರು ನಿಲ್ಲಿಸಿದ ಜಾಗದಲ್ಲಿ ಇರಲಿಲ್ಲ. ನೆಲದ ಮೇಲೆ ಒಂದು ಹಿಡಿ ಗಾಜಿನ ಚೂರು ಬಿದ್ದಿತ್ತು, ಆಲಿಕಲ್ಲು ಸುರಿದ ಹಾಗೆ. ಅಷ್ಟೆ. ಮೊದಲ ಎರಡು ನಿಮಿಷ ನಾನೇ ಬೇರೆಲ್ಲೋ ನಿಲ್ಲಿಸಿ ಮರೆತೆನೇನೋ ಅಂದುಕೊಂಡೆ. ಆಮೇಲೆ ಗಾಜು ನೋಡಿ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ಕಾರು ಸಿಕ್ಕಿತು. ಜಾಸ್ತಿ ದೂರ ಹೋಗಿರಲಿಲ್ಲ. ರಸ್ತೆಯ ತಿರುವಿನಲ್ಲಿ, ನೂರಿನ್ನೂರು ಹೆಜ್ಜೆ ಆಚೆ, ಮೂತಿ ಚರಂಡಿ ಕಡೆಗೆ ಮಾಡಿಕೊಂಡು ನಿಂತಿತ್ತು. ಡ್ರೈವರ್ ಬಾಗಿಲು ಪೂರ್ತಿ ತೆರೆದಿತ್ತು. ಹಿಂದಿನ ಬಾಗಿಲ ಪಕ್ಕದ ತ್ರಿಕೋನದ ಚಿಕ್ಕ ಗಾಜು ಒಡೆದು, ಕೈ ಹಾಕಿ ಲಾಕ್ ತೆಗೆದಿದ್ದರು. ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಕವಚ ಎರಡು ತುಂಡಾಗಿತ್ತು. ಕೀ ಹಾಕುವ ತೂತಿನ ಸುತ್ತ ಇಲಿ ಕಡಿದ ಹಾಗೆ ಗುರುತು. ಸ್ಟೇರಿಂಗನ್ನು ಬಲವಾಗಿ ತಿರುಗಿಸಿ ಅದರ ಲಾಕ್ ಮುರಿದಿದ್ದರು. ಕ್ಲಚ್ ಪೆಡಲ್ ಹತ್ತಿರ ಹಸಿರು ಹಿಡಿಯ ಒಂದು ಸ್ಕ್ರೂಡ್ರೈವರ್ ಬಿದ್ದಿತ್ತು. ಅದು ನನ್ನದಲ್ಲ.

ಗಾಡಿ ತಿರುವಿನಲ್ಲೇ ನಿಂತಿದ್ದು ಯಾಕೆ ಅಂದರೆ, ಎರಡು ವರ್ಷದ ಹಿಂದೆ ನಮ್ಮ ಮೆಕ್ಯಾನಿಕ್ ಒತ್ತಾಯ ಮಾಡಿ ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನ ವೈರಿಗೆ ಒಂದು ಗುಟ್ಟಿನ ಸ್ವಿಚ್ ಹಾಕಿಕೊಟ್ಟಿದ್ದ. ಅವನು ಅದಕ್ಕೆ "ಕಳ್ಳ ಸ್ವಿಚ್" ಅನ್ನುತ್ತಾನೆ. ರಾತ್ರಿ ಅದನ್ನು ಆಫ್ ಮಾಡಿದ್ದೆ. ಪೈಪಿನಲ್ಲಿ ಉಳಿದಿದ್ದ ಪೆಟ್ರೋಲ್ ಮುಗಿಯುವವರೆಗೆ ಗಾಡಿ ಓಡಿದೆ, ಆಮೇಲೆ ಕೆಮ್ಮಿ ನಿಂತಿದೆ. ಬಂದವರು ಇನ್ನೊಂದೆರಡು ಸಲ ಸೆಲ್ಫ್ ಹೊಡೆದು ನೋಡಿ, ಬೇಜಾರಾಗಿ ಇಳಿದು ಹೋಗಿರಬೇಕು.

ಇದು ಕಳ್ಳತನದ ಕಥೆ. ಆದರೆ ನಾನು ಪತ್ರ ಬರೆಯುತ್ತಿರುವುದು ಕಳ್ಳರಿಗಲ್ಲ. ಆಮೇಲೆ ನಡೆದದ್ದಕ್ಕೆ.

ದೂರು ಕೊಡಲು ಹೋದೆ. ಕುರ್ಚಿಯಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಮಾತಾಡಿದರು. "ಗಾಡಿ ಸಿಕ್ತಲ್ಲಾರೀ, ಇನ್ನೇನು? ಹಳೇ ಗಾಡಿ ತಾನೇ" ಅಂದರು. ವಿಮೆಯವರಿಗೆ ಫೋನ್ ಮಾಡಿದೆ. "ಹಳೇ ಗಾಡಿ ಅಲ್ವಾ ಸಾರ್, ಗಾಜಿಗೆ ಕ್ಲೇಮ್ ಮಾಡಿದರೆ, ಕ್ಲೇಮ್ ಮಾಡದವರಿಗೆ ಸಿಗೋ ಬೋನಸ್ಸೇ ಹೋಗುತ್ತೆ, ಸುಮ್ನೆ ಬಿಟ್ಟುಬಿಡಿ" ಅಂತ ಬುದ್ಧಿ ಹೇಳಿದರು. ಹೊಸ ಲಾಕ್ ಸೆಟ್ ಕೇಳಿಕೊಂಡು ಸರ್ವೀಸ್ ಸೆಂಟರಿಗೆ ಹೋದೆ. ಕೌಂಟರಿನ ಹುಡುಗ ಕಂಪ್ಯೂಟರಿನಲ್ಲಿ ನೋಡಿದ ಹಾಗೆ ಮಾಡಿ, "ಹಳೇ ಮಾಡೆಲ್ಲು, ಬರಲ್ಲ ಸಾರ್" ಅಂದ. ಒಂದೇ ವಾರದಲ್ಲಿ ಮೂರು ಕಡೆ ಒಂದೇ ಮಾತು. ನಾಲ್ಕನೆಯವನು ನಾನೇ. ಯಾಕಂದರೆ ಆ ಸ್ವಿಚ್ ಹಾಕಿಸಿಕೊಳ್ಳುವಾಗ ನಾನೂ ಮೆಕ್ಯಾನಿಕ್‌ಗೆ, "ಹಳೇ ಗಾಡಿ ತಾನೇ ಮಾರಾಯ, ಯಾರು ಕದೀತಾರೆ ಇದನ್ನ" ಅಂದಿದ್ದೆ.

ಈ ಪತ್ರ ಆ ಮಾತಿನ ಬಗ್ಗೆ. ಕಳ್ಳನ ಲೆಕ್ಕದಲ್ಲಿ ಹಳೇ ಗಾಡಿ ಅಂದರೆ ಬೆಲೆ ಕಡಿಮೆ ಇರುವ ಗಾಡಿ ಅಲ್ಲ. ಬೀಗ ಸುಲಭ ಇರುವ, ಕಳೆದುಹೋದರೂ ಯಾರೂ ಹುಡುಕದ ಗಾಡಿ. ಬೀಗ ಸುಲಭವಾಗಿದ್ದು ಗಾಡಿಗೆ ವಯಸ್ಸಾದದ್ದರಿಂದ. ಯಾರೂ ಹುಡುಕದ ಹಾಗೆ ಮಾಡಿದ್ದು ಮಾತ್ರ ನಾವೇ.

ಮೊದಲು ಬೀಗದ ವಿಷಯ ಹೇಳುತ್ತೇನೆ, ಯಾಕಂದರೆ ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಳೇ ಕಾರಿನ ಬೀಗದೊಳಗೆ ತೆಳ್ಳನೆಯ ಲೋಹದ ಬಿಲ್ಲೆಗಳು ಸಾಲಾಗಿ ಇರುತ್ತವೆ. ಕೀಯ ಹಲ್ಲು ಅವನ್ನು ಸರಿಯಾದ ಎತ್ತರಕ್ಕೆ ತಂದಾಗ ಬೀಗ ತಿರುಗುತ್ತದೆ. ಇಪ್ಪತ್ತೈದು ವರ್ಷ ದಿನಕ್ಕೆ ಐದಾರು ಸಲ ಕೀ ಹಾಕಿ ತೆಗೆದರೆ ಬಿಲ್ಲೆಯೂ ಸವೆಯುತ್ತದೆ, ಕೀಯೂ ಸವೆಯುತ್ತದೆ. ಸವೆದ ಬೀಗ ಆಯ್ಕೆ ಮಾಡುವುದನ್ನು ಮರೆತುಬಿಡುತ್ತದೆ, ಯಾವ ಕೀ ಹಾಕಿದರೂ ಸರಿ ಅನ್ನುತ್ತದೆ. ಒಮ್ಮೆ ಪಾರ್ಕಿಂಗಿನಲ್ಲಿ ನಾನು ಬಾಗಿಲು ತೆಗೆದು ಒಳಗೆ ಕೂತು, ಸೀಟು ಯಾಕೆ ಇಷ್ಟು ಮುಂದಿದೆ ಅಂತ ಯೋಚಿಸಿ, ಹಿಂದೆ ತಿರುಗಿ ನೋಡಿದರೆ ಮಗುವಿನ ಕುರ್ಚಿ! ನನ್ನದೇ ಬಣ್ಣದ, ನನ್ನದೇ ಮಾಡೆಲ್ಲಿನ ಬೇರೆ ಯಾರದ್ದೋ ಕಾರು. ನನ್ನ ಕೀಗೇ ತೆರೆದುಕೊಂಡಿತ್ತು. ಮೆತ್ತಗೆ ಇಳಿದು ಬಾಗಿಲು ಹಾಕಿ ಬಂದೆ. ಆವತ್ತು ನಕ್ಕಿದ್ದೆ.

ಇದಕ್ಕೆ ನಾವು ಮಾಡಬಹುದಾದ್ದು ಒಂದಿದೆ. ಹೊಸ ಕೀ ಮಾಡಿಸುವಾಗ ಕೈಯಲ್ಲಿರುವ ಸವೆದ ಕೀ ನೋಡಿ ಕಾಪಿ ಮಾಡಿಸಬೇಡಿ, ಅದರಲ್ಲಿ ಸವೆತವೂ ಕಾಪಿ ಆಗುತ್ತದೆ. ಗಾಡಿ ಹೊಸದಾಗಿ ಬಂದಾಗ ಕೊಟ್ಟ ಕೀ ನಂಬರ್ ಇದ್ದರೆ ಆ ನಂಬರಿನ ಮೇಲೆ ಕತ್ತರಿಸಲು ಹೇಳಿ. ಬೀಗ ತುಂಬಾ ಸಡಿಲವಾಗಿದ್ದರೆ ಒಳಗಿನ ಬಿಲ್ಲೆ ಬದಲಾಯಿಸುವ ಕೀ ಕೆಲಸದವರು ಇದ್ದಾರೆ. ಸೆಕೆಂಡ್ ಹ್ಯಾಂಡ್ ಕೊಂಡವರಂತೂ ಒಂದು ಸಲ ಕೂತು ಯೋಚಿಸಿ. ನಿಮ್ಮ ಗಾಡಿ ನಿಮಗೂ ಮುಂಚೆ ಎಷ್ಟು ಕೈ ದಾಟಿದೆ? ಅದರ ಕೀಗಳು ಎಷ್ಟು ಜನರ ಮನೆಯ ಮೊಳೆಗೆ ನೇತಾಡುತ್ತಿವೆ? ಮನೆ ಕೊಂಡರೆ ಮೊದಲು ಬೀಗ ಬದಲಾಯಿಸುತ್ತೇವೆ. ಗಾಡಿ ಕೊಂಡರೆ ಮೊದಲು ಸೀಟ್ ಕವರ್ ಬದಲಾಯಿಸುತ್ತೇವೆ.

ಈಗ ಗಾಡಿ ತಯಾರಿಸುವವರಿಗೆ.

ನೀವು ಕಳ್ಳತನದ ವಿರುದ್ಧ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಕೀಯ ತಲೆಯೊಳಗೆ ಒಂದು ಚಿಪ್, ಕೀ ತೂತಿನ ಸುತ್ತ ಒಂದು ಸುರುಳಿ ತಂತಿ, ಎರಡೂ ಮಾತಾಡಿಕೊಂಡು ಇದು ನಮ್ಮದೇ ಕೀ ಅಂತ ಖಾತ್ರಿ ಆದರೆ ಮಾತ್ರ ಇಂಜಿನ್ ಕಂಪ್ಯೂಟರ್ ಗಾಡಿ ಸ್ಟಾರ್ಟ್ ಆಗಲು ಬಿಡುತ್ತದೆ. ಇಮೊಬಿಲೈಸರ್ ಅಂತೀರಿ. ಬಹಳ ಒಳ್ಳೆಯ ವಸ್ತು. ಯುರೋಪಿಯನ್ ಒಕ್ಕೂಟದಲ್ಲಿ 1998ರ ಅಕ್ಟೋಬರ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯವಾಯಿತು, ಆಸ್ಟ್ರೇಲಿಯಾದಲ್ಲಿ 2001ರ ಜುಲೈನಿಂದ, ಕೆನಡಾದಲ್ಲಿ 2007ರ ಸೆಪ್ಟೆಂಬರ್‌ನಿಂದ. ಗಮನಿಸಿ, ಎಲ್ಲ ಕಡೆಯೂ ಹೊಸ ಕಾರುಗಳಿಗೆ. ನನ್ನ ಕಾರು 1997ರದ್ದು. ಆ ದಿನಾಂಕದ ಹಿಂದೆ ಹುಟ್ಟಿದ ಗಾಡಿಗಳನ್ನು ಕಾನೂನು ಮಾಡಿದವರೂ ಬಿಟ್ಟರು, ನೀವೂ ಬಿಟ್ಟಿರಿ. ಕಳ್ಳ ಮಾತ್ರ ಬಿಡಲಿಲ್ಲ. ಹೊಸದು ಕಷ್ಟವಾದಷ್ಟೂ ಅವನು ಹಳೆಯದರ ಕಡೆ ಬರುತ್ತಾನೆ. ನೀರು ತಗ್ಗಿರುವ ಕಡೆ ಹರಿಯುವುದು ತಾನೇ.

ಮಾರಿದ ಗಾಡಿಗೆ ಆಮೇಲೆ ಏನೂ ಮಾಡಲು ಆಗುವುದಿಲ್ಲ ಅಂತ ಹೇಳಬೇಡಿ. ಅಮೆರಿಕದಲ್ಲಿ ಇಮೊಬಿಲೈಸರ್ ಕಡ್ಡಾಯ ಅಲ್ಲ. ಹಾಗಾಗಿ ಅಲ್ಲಿ ಹ್ಯುಂಡೈ ಮತ್ತು ಕಿಯಾ ಲಕ್ಷಾಂತರ ಗಾಡಿಗಳನ್ನು ಅದಿಲ್ಲದೆಯೇ ಮಾರಿದ್ದವು. ಆ ಗಾಡಿಗಳನ್ನು ಹೇಗೆ ಎಬ್ಬಿಸುವುದು ಅಂತ ತೋರಿಸುವ ವಿಡಿಯೊಗಳು ಹಬ್ಬಿದವು. ಹುಡುಗರು ಪಂದ್ಯ ಕಟ್ಟಿದ ಹಾಗೆ ಕದ್ದರು. ಗಲಾಟೆ ಜೋರಾಯಿತು. ಆಗ, 2023ರ ಫೆಬ್ರವರಿಯಲ್ಲಿ, ಆ ಎರಡು ಕಂಪನಿಗಳು ಸುಮಾರು 83 ಲಕ್ಷ ಗಾಡಿಗಳಿಗೆ ಉಚಿತ ಸಾಫ್ಟ್‌ವೇರ್ ಕೊಡುತ್ತೇವೆ ಅಂದವು. ಸ್ಟೇರಿಂಗಿಗೆ ಹಾಕುವ ಕಬ್ಬಿಣದ ಲಾಕನ್ನು ಪೊಲೀಸರ ಮೂಲಕ ಪುಕ್ಕಟೆ ಹಂಚಿದವು. ಗಾಜಿಗೆ ಅಂಟಿಸಲು ಒಂದು ಸ್ಟಿಕ್ಕರೂ ಕೊಟ್ಟವು, "ಈ ಗಾಡಿಗೆ ರಕ್ಷಣೆ ಇದೆ" ಅಂತ ಕಳ್ಳನಿಗೆ ಹೇಳುವುದಕ್ಕೆ. ಅದರಲ್ಲಿ ಕೆಲವು ಗಾಡಿಗೆ ಆಗಲೇ ಹತ್ತು ವರ್ಷ ದಾಟಿತ್ತು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ ಅಂತಾಯಿತು. ಗಲಾಟೆ ಆದಾಗ ಮಾತ್ರ ಮನಸ್ಸು ಬರುತ್ತದೆ, ಅದು ಬೇರೆ ಮಾತು.

ನನ್ನ ಗಾಡಿಗೆ ಸಾಫ್ಟ್‌ವೇರ್ ಕೇಳುತ್ತಿಲ್ಲ. ಅದರ ಕಂಪ್ಯೂಟರಿಗೆ ಅಷ್ಟು ಬುದ್ಧಿಯೂ ಇಲ್ಲ. ನಾನು ಕೇಳುವುದು ಇಷ್ಟೆ. ಹಳೇ ಮಾಡೆಲ್ಲಿನ ಲಾಕ್ ಸೆಟ್ ಮತ್ತು ಇಗ್ನಿಷನ್ ಸ್ವಿಚ್ಚನ್ನು ಆ ಗಾಡಿಗಳು ರಸ್ತೆ ಮೇಲೆ ಇರುವವರೆಗೆ ಸಿಗುವ ಹಾಗೆ ಇಡಿ. ಬಂಪರ್ ಬೇಡ, ಡೋರ್ ಹ್ಯಾಂಡಲ್ ಬೇಡ, ಬೀಗ ಕೊಡಿ. ಗಾಡಿ ನನ್ನದೇ ಅಂತ ಕಾಗದ ತೋರಿಸಿದರೆ ಹಳೇ ಕೀ ನಂಬರ್ ಹುಡುಕಿ ಕೊಡಿ. ಹೊರಗಡೆ ಮಾಡಿದ ಇಮೊಬಿಲೈಸರನ್ನು ನಿಮ್ಮ ಹಳೇ ಗಾಡಿಯ ಯಾವ ವೈರಿಗೆ ಕೂರಿಸಬೇಕು ಅನ್ನುವ ಒಂದು ನಕ್ಷೆಯನ್ನು ನಿಮ್ಮ ಸರ್ವೀಸ್ ಸೆಂಟರುಗಳಿಗೆ ಕಳಿಸಿ. ಈಗ ಆ ಕೆಲಸವನ್ನು ಗೊತ್ತಿಲ್ಲದವರು ಟೇಪ್ ಸುತ್ತಿ ಮಾಡುತ್ತಿದ್ದಾರೆ, ಆಮೇಲೆ ಗಾಡಿ ನಡುರಸ್ತೆಯಲ್ಲಿ ನಿಂತರೆ ನಿಮ್ಮ ಹೆಸರೇ ಕೆಡುತ್ತದೆ.

ವಿಮೆಯವರೇ, ನಿಮಗೂ ಎರಡು ಮಾತು. ಗಾಡಿಗೆ ವಯಸ್ಸಾದ ಹಾಗೆ ನೀವು ಕೊಡುವ ಮೊತ್ತ ಇಳಿಯುತ್ತದೆ, ಅದು ಲೆಕ್ಕ, ಒಪ್ಪುತ್ತೇನೆ. ಅದಕ್ಕೇ ಬಹಳ ಜನ ಹಳೇ ಗಾಡಿಗೆ ಎದುರಿನವರಿಗೆ ಆಗುವ ನಷ್ಟದ ವಿಮೆ ಮಾತ್ರ ಮಾಡಿಸುತ್ತಾರೆ. ಕಳ್ಳತನ ಅದರಲ್ಲಿ ಬರುವುದೇ ಇಲ್ಲ. ಕಳೆದುಹೋದ ಮೇಲೆ ಅದು ಅವರಿಗೆ ಗೊತ್ತಾಗುತ್ತದೆ. ಕಟ್ಟಿಸಿಕೊಳ್ಳುವ ದಿನವೇ ದಪ್ಪ ಅಕ್ಷರದಲ್ಲಿ ಒಂದು ಸಾಲು ಹೇಳಿದರೆ ನಿಮ್ಮ ಗಂಟೇನು ಹೋಗುತ್ತದೆ? ಇನ್ನೊಂದು. ನಾನು ನನ್ನ ಖರ್ಚಿನಲ್ಲಿ ಇಮೊಬಿಲೈಸರ್ ಹಾಕಿಸಿದರೆ, ಟ್ರ್ಯಾಕರ್ ಹಾಕಿಸಿದರೆ, ಕಂತಿನಲ್ಲಿ ಸ್ವಲ್ಪ ಇಳಿಸಿ. ಗಾಡಿಯ ವಯಸ್ಸು ಮಾತ್ರ ಕೇಳುತ್ತೀರಿ, ಬೀಗದ ವಯಸ್ಸು ಯಾರೂ ಕೇಳುವುದಿಲ್ಲ. ಕ್ಲೇಮ್ ಬಂದಾಗ ಮಾತ್ರ ಎರಡೂ ಕೀ ತಂದುಕೊಡಿ ಅಂತೀರಿ. ಮೂರು ಕೈ ದಾಟಿ ಬಂದ ಗಾಡಿಗೆ ಎರಡನೇ ಕೀ ಎಲ್ಲಿಂದ ತರಲಿ?

ದೂರು ಬರೆದುಕೊಳ್ಳುವವರೇ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಬೇಜಾರಿದೆ. ನಿಮ್ಮ ಮೇಜಿನ ಮೇಲೆ ಇದಕ್ಕಿಂತ ದೊಡ್ಡ ಕೆಲಸಗಳು ಇರುತ್ತವೆ, ಗೊತ್ತು. ಆದರೆ ಕದಿಯಲು ಬಂದು ಆಗದೆ ಹೋದದ್ದನ್ನು ನೀವು ಬರೆದುಕೊಳ್ಳದಿದ್ದರೆ ಅದು ನಡೆದೇ ಇಲ್ಲ ಅಂತಾಗುತ್ತದೆ. ನಮ್ಮ ಬೀದಿಯಲ್ಲಿ ಆ ವಾರ ಇನ್ನೂ ಇಬ್ಬರ ಗಾಡಿಯ ಗಾಜು ಒಡೆದಿತ್ತು ಅಂತ ನನಗೆ ಗೊತ್ತಾದದ್ದು ಆಮೇಲೆ, ಮಾತಾಡುತ್ತಾ. ಅವರು ದೂರನ್ನೇ ಕೊಟ್ಟಿಲ್ಲ. "ಏನೂ ಹೋಗಿಲ್ವಲ್ಲ, ಯಾಕೆ ಸುಮ್ನೆ ಅಲೆದಾಟ" ಅಂದರು. ಮೂರು ದೂರು ಒಂದೇ ಕಾಗದದ ಮೇಲೆ ಇದ್ದಿದ್ದರೆ, ಮೂರೂ ಚಿಕ್ಕ ಗಾಜು, ಮೂರೂ ರಾತ್ರಿ ಒಂದೇ ಹೊತ್ತು ಅಂತ ಯಾರಿಗಾದರೂ ಕಾಣುತ್ತಿತ್ತು. ಈಗ ಕಾಣುವುದು ಕಳ್ಳನಿಗೆ ಮಾತ್ರ. ಈ ಬೀದಿಯಲ್ಲಿ ಯಾರೂ ಕೇಳುವುದಿಲ್ಲ ಅಂತ.

ಗುಜರಿಯವರಿಗೂ ಹೇಳಬೇಕು. ಹಳೇ ಗಾಡಿ ಕದ್ದರೆ ಅದನ್ನು ಓಡಿಸುವುದಕ್ಕಿಂತ ಬಿಚ್ಚಿ ಮಾರುವುದೇ ಜಾಸ್ತಿ. ಕಂಪನಿ ಬಿಡಿಭಾಗ ನಿಲ್ಲಿಸಿದ ಮಾಡೆಲ್ಲಿಗೆ ಇದು ಇನ್ನೂ ಹೆಚ್ಚು ನಿಜ, ಅಂಗಡಿಯಲ್ಲಿ ಸಿಗದ ಸಾಮಾನಿಗೆ ಬೇರೆಯವರ ಗಾಡಿಯೇ ಅಂಗಡಿ. ಸೈಲೆನ್ಸರ್ ದಾರಿಯಲ್ಲಿ ಇರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ನೋಡಿ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಅನ್ನುವ ಬೆಲೆಬಾಳುವ ಲೋಹ ಇರುತ್ತದೆ ಅಂತ ಕಳ್ಳನಿಗೆ ಗೊತ್ತಿದೆ, ಕೊಳ್ಳುವವನಿಗೆ ಗೊತ್ತಿದೆ, ಗಾಡಿಯ ಮಾಲೀಕನಿಗೆ ಮಾತ್ರ ಗೊತ್ತಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟ್ರ್ಯಾಕ್ಟರಿನ ಹಾಗೆ ಗುಡುಗಿದ ಮೇಲೆ ಗೊತ್ತಾಗುತ್ತದೆ. ಕೆಳಗೆ ನುಸುಳಲು ಜಾಗ ಇರುವ ಎತ್ತರದ ವ್ಯಾನುಗಳು, ಹಳೇ ಹೈಬ್ರಿಡ್ ಕಾರುಗಳು ಇದಕ್ಕೆ ಸುಲಭದ ತುತ್ತು. ಗರಗಸ ಇದ್ದರೆ ಕೆಲವೇ ನಿಮಿಷದ ಕೆಲಸ. ಹೀಗೆ ಕೊಯ್ದು ತಂದ ಪೈಪನ್ನು ಯಾರೋ ಒಬ್ಬರು ಕೇಳದೆ ಕೊಳ್ಳುತ್ತಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2013ರ ಗುಜರಿ ವ್ಯಾಪಾರದ ಕಾನೂನು ಲೋಹದ ಗುಜರಿಗೆ ನಗದು ಕೊಡುವುದನ್ನೇ ನಿಲ್ಲಿಸಿದೆ, ಮಾರುವವನು ಯಾರು ಅಂತ ಗುರುತು ನೋಡಲೇಬೇಕು. ಇಷ್ಟರಿಂದ ಕಳ್ಳತನ ನಿಂತುಹೋಗುತ್ತದೆ ಅಂತಲ್ಲ. ಕೈಯಲ್ಲಿ ಕಾಸು ಎಣಿಸಿಕೊಂಡು ಮಾಯವಾಗುವುದು ಕಷ್ಟ ಆಗುತ್ತದೆ, ಅಷ್ಟೇ.

ಸರಿ, ಬೈದದ್ದಾಯಿತು. ಈಗ ನಮ್ಮ ಕಡೆಗೆ, ಗಾಡಿ ಇಟ್ಟುಕೊಂಡವರ ಕಡೆಗೆ ಬರುತ್ತೇನೆ. ಮೇಲಿನವರು ಕೇಳುವವರೆಗೆ ಕಾದು ಕೂರಲು ಆಗುವುದಿಲ್ಲ ಅಲ್ವಾ.

ಕಳ್ಳ ಸ್ವಿಚ್ಚಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕಂದರೆ ನನ್ನ ಗಾಡಿ ಉಳಿಸಿದ್ದು ಅದೇ. ಇದು ಹೊಸ ಬುದ್ಧಿ ಅಲ್ಲ. 1940ರಲ್ಲಿ, ಶತ್ರುಸೇನೆ ಇಳಿದುಬಿಟ್ಟರೆ ಅನ್ನುವ ಭಯದಲ್ಲಿ, ಬ್ರಿಟನ್ನಿನಲ್ಲಿ ನಿಲ್ಲಿಸಿದ ಗಾಡಿಯನ್ನು ಯಾರೂ ಓಡಿಸಲಾಗದ ಹಾಗೆ ಮಾಡಿಯೇ ಹೋಗಬೇಕು ಅಂತ ಆದೇಶ ಇತ್ತು. ಜನ ಇಂಜಿನ್ನಿನ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗಿನ ರೋಟರ್ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಬೆರಳಿನಷ್ಟು ದೊಡ್ಡ ತುಂಡು, ಅದಿಲ್ಲದೆ ಕಿಡಿ ಹಾರುವುದಿಲ್ಲ, ಇಂಜಿನ್ ಏಳುವುದಿಲ್ಲ. ಡಿಸ್ಟ್ರಿಬ್ಯೂಟರ್ ಇರುವ ಹಳೇ ಗಾಡಿ ನಿಮ್ಮದಾದರೆ, ತಿಂಗಳುಗಟ್ಟಲೆ ನಿಲ್ಲಿಸಿ ಹೋಗುವಾಗ ಇವತ್ತಿಗೂ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ದಿನಾ ಓಡಿಸುವ ಗಾಡಿಗೆ ಸ್ವಿಚ್ಚೇ ಸರಿ. ಪೆಟ್ರೋಲ್ ಪಂಪಿಗೆ ಹಾಕಿದರೆ ನನ್ನ ಗಾಡಿಯ ಹಾಗೆ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಕಾರ್ಬ್ಯುರೇಟರ್ ಗಾಡಿಯಾದರೆ ಅದರ ಬಟ್ಟಲಿನಲ್ಲಿ ಉಳಿದ ಪೆಟ್ರೋಲಿಗೆ ಇನ್ನೂ ದೂರ ಹೋಗಬಹುದು. ತಿರುವಿನಲ್ಲಿ ಅಡ್ಡ ನಿಂತರೆ ಹಿಂದೆ ಬರುವವರಿಗೂ ಅಪಾಯ. ಅದಕ್ಕೇ ಈಗ ನಾನು ಸ್ವಿಚ್ಚನ್ನು ಸ್ಟಾರ್ಟರಿಗೆ ಕರೆಂಟ್ ಬಿಡುವ ರಿಲೇಗೆ ಬದಲಾಯಿಸಿಕೊಂಡಿದ್ದೇನೆ, ಸೆಲ್ಫೇ ತಿರುಗುವುದಿಲ್ಲ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಓಡುತ್ತಿರುವಾಗ ಕೈ ತಾಗಿ ಆಫ್ ಆದರೂ ಇಂಜಿನ್ ನಿಲ್ಲುವುದಿಲ್ಲ, ಇದು ದೊಡ್ಡ ಸಮಾಧಾನ. ತಳ್ಳಿ ಸ್ಟಾರ್ಟ್ ಮಾಡಬಹುದಲ್ಲ ಅಂತೀರಾ? ಮಾಡಬಹುದು. ಅದಕ್ಕೆ ಇಬ್ಬರು ಬೇಕು, ಇಳಿಜಾರು ಬೇಕು, ರಾತ್ರಿ ಎರಡು ಗಂಟೆಗೆ ಏದುಸಿರು ಬಿಡುತ್ತಾ ಗಾಡಿ ತಳ್ಳುವ ಧೈರ್ಯ ಬೇಕು. ಡೀಸೆಲ್ ಗಾಡಿಗೆ, ಡೀಸೆಲ್ ತಡೆದು ಇಂಜಿನ್ ನಿಲ್ಲಿಸುವ ಸೊಲೆನಾಯ್ಡ್ ಅನ್ನುವ ಕರೆಂಟಿನ ಕವಾಟದ ವೈರಿಗೆ ಹಾಕುತ್ತಾರೆ. ಯಾವುದೇ ಆಗಲಿ, ತಿಳಿದವರ ಕೈಯಲ್ಲಿ, ತಕ್ಕ ದಪ್ಪದ ವೈರಿನಲ್ಲಿ, ಫ್ಯೂಸ್ ಇಟ್ಟು ಮಾಡಿಸಿ. ಪುಟ್ಟ ಸ್ವಿಚ್ಚಿನ ಮೇಲೆ ದೊಡ್ಡ ಕರೆಂಟ್ ಹರಿಸಿದರೆ ಕಳ್ಳ ಬರುವ ಮುಂಚೆ ಬೆಂಕಿ ಬರುತ್ತದೆ.

ಸ್ವಿಚ್ ಎಲ್ಲಿಡಬೇಕು? ಸ್ಟೇರಿಂಗ್ ಕೆಳಗೆ, ಫ್ಯೂಸ್ ಪೆಟ್ಟಿಗೆಯ ಪಕ್ಕ ಬೇಡ, ಎಲ್ಲರೂ ಅಲ್ಲೇ ಇಡುತ್ತಾರೆ, ಎಲ್ಲರೂ ಅಲ್ಲೇ ಹುಡುಕುತ್ತಾರೆ. ಗಾಡಿಯಲ್ಲಿ ಆಗಲೇ ಇರುವ, ಕೆಲಸ ಮಾಡದ ಒಂದು ಗುಂಡಿಯನ್ನು ಈ ಕೆಲಸಕ್ಕೆ ಹಚ್ಚುವುದು ಒಳ್ಳೆಯದು. ನನ್ನದು ಎಲ್ಲಿದೆ ಅಂತ ಕೇಳಬೇಡಿ. ಹೆಂಡತಿಗೂ ಆರು ತಿಂಗಳು ಹೇಳಿರಲಿಲ್ಲ, ಗುಟ್ಟು ಅಂದರೆ ಗುಟ್ಟು ಅಂತ. ಒಂದು ದಿನ ಅವಳು ಗಾಡಿ ತೆಗೆದುಕೊಂಡು ಹೋಗಲು ಕೂತು, ಅರ್ಧ ಗಂಟೆ ಕೀ ತಿರುಗಿಸಿ, ಪಕ್ಕದ ಮನೆಯವರ ಹತ್ತಿರ ಬ್ಯಾಟರಿಗೆ ವೈರ್ ಹಾಕಿಸಿ, ಕೊನೆಗೆ ನನಗೆ ಫೋನ್ ಮಾಡಿದಳು. ಆವತ್ತು ಕೇಳಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಮನೆಯವರಿಗೆ ಹೇಳಿಬಿಡಿ.

ಸ್ಟೇರಿಂಗಿಗೆ ಅಡ್ಡ ಹಾಕುವ ಕಬ್ಬಿಣದ ಸರಳನ್ನು ನೋಡಿ ನಗುವವರಿದ್ದಾರೆ. ಅದನ್ನು ಕತ್ತರಿಸುವ ಅಗತ್ಯವೇ ಇಲ್ಲ, ಸ್ಟೇರಿಂಗ್ ಚಕ್ರದ ಅಂಚನ್ನೇ ಗರಗಸದಿಂದ ಕೊಯ್ದು ಸರಳು ಎಳೆದು ಬಿಸಾಡಬಹುದು ಅಂತ ಅವರು ಹೇಳುವುದೂ ನಿಜ. ಆದರೂ ನಾನು ಹಾಕುತ್ತೇನೆ. ಕಾರಣ ಸರಳ, ಅದು ಹೊರಗಿನಿಂದ ಕಾಣುತ್ತದೆ. ಗುಟ್ಟಿನ ಸ್ವಿಚ್ ಗಾಡಿ ಹೋಗುವುದನ್ನು ತಪ್ಪಿಸುತ್ತದೆ, ಗಾಜು ಒಡೆಯುವುದನ್ನು ತಪ್ಪಿಸುವುದಿಲ್ಲ, ಅದಿದೆ ಅಂತ ಕಳ್ಳನಿಗೆ ಗೊತ್ತಾಗುವುದೇ ಗಾಜು ಒಡೆದ ಮೇಲೆ. ಕಣ್ಣಿಗೆ ಕಾಣುವ ಸರಳಿದ್ದರೆ ಅವನು ಮುಂದಿನ ಗಾಡಿಗೆ ಹೋಗುತ್ತಾನೆ. ಇದರಲ್ಲಿ ಸ್ವಲ್ಪ ಸ್ವಾರ್ಥ ಇದೆ, ಗೊತ್ತು. ಮುಂದಿನ ಗಾಡಿಯವರೂ ಒಂದು ಹಾಕಿಕೊಳ್ಳಲಿ. ಕಾಣುವುದು ಒಂದು, ಕಾಣದ್ದು ಒಂದು, ಎರಡೂ ಬೇಕು.

ಗಾಜಿನ ವಿಷಯಕ್ಕೆ ಬಂದರೆ, ಬಾಗಿಲ ಗಾಜು ಮತ್ತು ಮುಂದಿನ ಗಾಜು ಒಂದೇ ಅಲ್ಲ. ಮುಂದಿನದು ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇರುವಂಥದ್ದು, ಬಿರುಕು ಬಿಡುತ್ತದೆ, ಉದುರುವುದಿಲ್ಲ. ಬಾಗಿಲಿನದು ಹದ ಹಾಕಿದ ಗಾಜು, ಒಂದು ಚೂಪಾದ ಏಟು ಸಾಕು, ಪೂರ್ತಿ ಪುಡಿಪುಡಿ. ಒಳಗಿನಿಂದ ಅಂಟಿಸುವ ಪಾರದರ್ಶಕ ಸೇಫ್ಟಿ ಫಿಲ್ಮ್ ಸಿಗುತ್ತದೆ. ಅದು ಒಡೆಯುವುದನ್ನು ನಿಲ್ಲಿಸುವುದಿಲ್ಲ, ಚೂರುಗಳನ್ನು ಹಿಡಿದುಕೊಂಡು ಕೈ ತೂರಿಸುವುದನ್ನು ತಡ ಮಾಡಿಸುತ್ತದೆ. ಕಳ್ಳನ ಹತ್ತಿರ ಇಲ್ಲದಿರುವುದು ಸಮಯ ಒಂದೇ. ಇದು ನಾನು ಇನ್ನೂ ಹಾಕಿಸಿಲ್ಲ. ಹಾಕಿಸಬೇಕು. ಮೊದಲು ಗಾಜು ಸಿಗಬೇಕಲ್ಲ.

ಒಳಗೆ ಏನೂ ಇಡಬೇಡಿ ಅನ್ನುವುದು ಎಲ್ಲರೂ ಹೇಳುವ ಮಾತು. ಎಲ್ಲರೂ ಮರೆಯುವುದು, ಏನೂ ಇಲ್ಲ ಅಂತ ತೋರಿಸಬೇಕು ಅನ್ನುವುದನ್ನು. ಖಾಲಿ ಚೀಲವೂ ಚೀಲವೇ, ಒಳಗೆ ಏನಿದೆ ಅಂತ ಗಾಜು ಒಡೆದೇ ನೋಡಬೇಕು. ಫೋನ್ ಹಿಡಿಸುವ ಸ್ಟ್ಯಾಂಡ್ ತೆಗೆದು ಅದರ ರಬ್ಬರ್ ಬಿಲ್ಲೆಯ ಗುಂಡನೆಯ ಗುರುತನ್ನು ಗಾಜಿನ ಮೇಲೆ ಬಿಟ್ಟರೆ ಫೋನ್ ಎಲ್ಲೋ ಒಳಗಿದೆ ಅಂತಲೇ ಅರ್ಥ. ನಾನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಮುಚ್ಚಳ ತೆರೆದೇ ಬಿಡುತ್ತೇನೆ, ಖಾಲಿ ಇದೆ ನೋಡಪ್ಪ ಅಂತ. ಡಿಕ್ಕಿಗೆ ಸಾಮಾನು ಹಾಕುವುದಿದ್ದರೆ ಹೊರಡುವ ಜಾಗದಲ್ಲೇ ಹಾಕಿ. ನಿಲ್ಲಿಸಿದ ಜಾಗದಲ್ಲಿ ಎಲ್ಲರ ಎದುರು ಡಿಕ್ಕಿ ತೆಗೆದು ಬ್ಯಾಗ್ ಒಳಗಿಟ್ಟು ನಡೆದು ಹೋದರೆ, ಕೂಗಿ ಹೇಳಿ ಹೋದ ಹಾಗೇ. ಮನೆ ವಿಳಾಸ ಇರುವ ಕಾಗದ, ಮನೆ ಗೇಟಿನ ರಿಮೋಟು ಎರಡೂ ಒಟ್ಟಿಗೆ ಗಾಡಿಯಲ್ಲಿ ಇಡಲೇಬೇಡಿ. ಗಾಡಿ ಹೋದರೆ ಗಾಡಿ, ಜೊತೆಗೆ ಮನೆ ಯಾಕೆ? ಚಕ್ರದ ಮೇಲೆ, ಬಂಪರ್ ಹಿಂದೆ ಅಯಸ್ಕಾಂತದ ಡಬ್ಬಿಯಲ್ಲಿ ಬಿಡಿ ಕೀ ಇಟ್ಟಿದ್ದರೆ ಇವತ್ತೇ ತೆಗೆಯಿರಿ.

ಬ್ಯಾಟರಿ ವೈರ್ ಬಿಚ್ಚಿಡುವುದು ಹಳೇ ಉಪಾಯ. ಬಾನೆಟ್ ಎಳೆಯುವ ಹಿಡಿ ಗಾಡಿಯ ಒಳಗೇ ಇರುವುದರಿಂದ, ಒಳಗೆ ಬಂದವನಿಗೆ ಅದು ದೊಡ್ಡ ಅಡ್ಡಿ ಅಲ್ಲ. ಅಲಾರಂ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಬೆಕ್ಕು ಹಾರಿದರೂ ಕಿರುಚುವ ಅಲಾರಂ ಕೇಳಿ ಕೇಳಿ ಜನ ದಿಂಬು ಕಿವಿಗೆ ಒತ್ತಿಕೊಂಡು ಮಲಗುತ್ತಾರೆ. ಬೈಕ್ ಸ್ಕೂಟರ್ ಇಟ್ಟವರ ಕಷ್ಟ ಇನ್ನೊಂದು ಥರ, ಹ್ಯಾಂಡಲ್ ಲಾಕ್ ಮುರಿಯುವುದು ಒದೆತದ ಮಾತು, ಇಬ್ಬರು ಸೇರಿದರೆ ಎತ್ತಿಕೊಂಡೇ ಹೋಗಬಹುದು. ಕದಲದ ಯಾವುದಾದರೂ ಕಂಬಕ್ಕೆ ದಪ್ಪ ಸರಪಳಿ ಹಾಕಿ, ಸರಪಳಿ ನೆಲಕ್ಕೆ ತಾಗದ ಹಾಗೆ ನೋಡಿಕೊಳ್ಳಿ. ನೆಲದ ಮೇಲೆ ಬಿದ್ದ ಸರಪಳಿಯನ್ನು ಒತ್ತಿ ಹಿಡಿದು ಕತ್ತರಿಸುವುದು ಸುಲಭ.

ಟ್ರ್ಯಾಕರ್ ಹಾಕಿಸುವುದಾದರೆ ತನ್ನದೇ ಬ್ಯಾಟರಿ ಇರುವಂಥದ್ದು ಹಾಕಿಸಿ. ಕೀಗೊಂಚಲಿಗೆ ಹಾಕುವ ಚಿಕ್ಕ ಬ್ಲೂಟೂತ್ ಬಿಲ್ಲೆಗಳನ್ನು ಸೀಟಿನಡಿ ಅಡಗಿಸುವವರೂ ಇದ್ದಾರೆ. ಅವು ಹತ್ತಿರದಲ್ಲಿ ಯಾರದ್ದಾದರೂ ಫೋನ್ ಇದ್ದರೆ ಮಾತ್ರ ಜಾಗ ಹೇಳುತ್ತವೆ. ಜೊತೆಗೆ, ಯಾರೂ ಯಾರನ್ನೂ ಗುಟ್ಟಾಗಿ ಹಿಂಬಾಲಿಸದಿರಲಿ ಅಂತ, "ನಿಮ್ಮ ಜೊತೆ ಒಂದು ಬಿಲ್ಲೆ ಬರುತ್ತಿದೆ" ಅಂತ ಕಳ್ಳನ ಫೋನಿಗೂ ಎಚ್ಚರಿಕೆ ಕಳಿಸಿಬಿಡಬಹುದು. ಒಳ್ಳೆಯ ಉದ್ದೇಶ, ನಮಗೆ ಮಾತ್ರ ಎಡವಟ್ಟು. ಜಾಗ ಗೊತ್ತಾದರೂ ನೀವೇ ಹೋಗಿ ನಿಲ್ಲಬೇಡಿ. ಪೊಲೀಸರಿಗೆ ತೋರಿಸಿ.

ಹಾಗೇ ಒಂದು ಕೆಲಸ ಇವತ್ತೇ ಮಾಡಿ, ಐದು ನಿಮಿಷ ಸಾಕು. ಗಾಡಿಯ ನಾಲ್ಕೂ ಕಡೆಯ ಫೋಟೊ, ಸೊಟ್ಟಗಾದ ಜಾಗ, ಗೀರು, ಸೀಟಿನ ಹರಿದ ಹೊಲಿಗೆ, ಎಲ್ಲ ತೆಗೆದಿಡಿ. ಚಾಸಿ ನಂಬರ್ ಬರೆದಿಡಿ. 1981ರ ಆಚೀಚೆಯಿಂದ ಬಂದ ಗಾಡಿಗಳಲ್ಲಿ ಸಾಮಾನ್ಯವಾಗಿ ಅದು 17 ಅಕ್ಷರ ಮತ್ತು ಅಂಕಿಗಳದ್ದು. ಅದರಲ್ಲಿ ಐ, ಓ, ಕ್ಯೂ ಅನ್ನುವ ಮೂರು ಇಂಗ್ಲಿಷ್ ಅಕ್ಷರಗಳು ಬರುವುದೇ ಇಲ್ಲ, ಒಂದು, ಸೊನ್ನೆ ಅನ್ನುವ ಅಂಕಿಗಳ ಜೊತೆ ಗೊಂದಲ ಆಗದಿರಲಿ ಅಂತ. ಹಾಗಾಗಿ ಗುಂಡಗೆ ಕಂಡರೆ ಅದು ಸೊನ್ನೆ. ನನ್ನ ದೂರಿನಲ್ಲಿ ಇದೇ ತಪ್ಪಾಗಿ, ಎರಡನೇ ಸಲ ಹೋಗಿ ತಿದ್ದಿಸಿ ಬಂದೆ. ಆ ನಂಬರನ್ನು ಎಲ್ಲ ಗಾಜುಗಳ ಮೂಲೆಯಲ್ಲಿ ಕೆತ್ತಿಸಿದರೆ ಇನ್ನೂ ಒಳ್ಳೆಯದು. ಕದ್ದವನು ಗಾಡಿ ಮಾರಬೇಕಾದರೆ ಎಲ್ಲ ಗಾಜನ್ನೂ ಬದಲಾಯಿಸಬೇಕು. ಹಳೇ ಮಾಡೆಲ್ಲಿಗೆ ಗಾಜು ಹುಡುಕುವುದು ಎಂಥ ಕಷ್ಟ ಅಂತ ಅವನಿಗೂ ಗೊತ್ತಾಗಲಿ.

ಇಷ್ಟೆಲ್ಲ ಮಾಡಿದ ಮೇಲೂ ಗಾಡಿ ಹೋಗಬಹುದು. ಗಟ್ಟಿ ಮನಸ್ಸು ಮಾಡಿ ಬಂದವನು ಎತ್ತುವ ಲಾರಿ ತಂದು ಹೊತ್ತುಕೊಂಡು ಹೋದರೆ ನನ್ನ ಸ್ವಿಚ್ಚೂ ಇಲ್ಲ, ಸರಳೂ ಇಲ್ಲ. ಆದರೆ ಸ್ಕ್ರೂಡ್ರೈವರ್ ಒಂದೇ ಹಿಡಿದು ಬಂದವನಿಗೆ ನಾವೆಲ್ಲ ಸೇರಿ ಬಾಗಿಲು ತೆರೆದು ಕೊಡಬಾರದು. ನಾನು ನನ್ನ ಕಡೆಯದ್ದು ಮಾಡಿದ್ದೇನೆ. ಬೀಗ ಕಳಿಸುವವರು ಬೀಗ ಕಳಿಸಿ, ಕಂತು ಇಳಿಸುವವರು ಇಳಿಸಿ, ದೂರು ಬರೆಯುವವರು ಬರೆಯಿರಿ.

ಆ ಹಸಿರು ಹಿಡಿಯ ಸ್ಕ್ರೂಡ್ರೈವರ್ ಇನ್ನೂ ನನ್ನ ಹತ್ತಿರವೇ ಇದೆ. ಬರಿಗೈಯಲ್ಲಿ ಮುಟ್ಟದೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದೇನೆ, ಯಾರಾದರೂ ಬೆರಳಚ್ಚು ನೋಡಬಹುದು ಅಂತ. ಒಂದು ತಿಂಗಳಾಯಿತು, ಯಾರೂ ಕೇಳಿಲ್ಲ. ಬಂದರೆ ಕೊಡುತ್ತೇನೆ.

ಇಂತಿ,
1997ರ ಕಾರಿಗೆ ಎಡಗಡೆಯ ಹಿಂದಿನ ಚಿಕ್ಕ ಗಾಜು ಹುಡುಕುತ್ತಿರುವ ಒಬ್ಬ ಮಾಲೀಕ